ಹಗಲು ಮಲಗುವವರ ಕೋಣೆ

ಇವರಿಗೆ ನಿದ್ದೆ ಬರುವುದಿಲ್ಲ ಎಂದಾಗ ನಾನು ಮೊದಲು ನಕ್ಕುಬಿಟ್ಟಿದ್ದೆ. ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎನ್ನುತ್ತಾರಲ್ಲ, ನನ್ನ ಗಂಡ ಆ ಪೈಕಿ. ಮದುವೆಯ ಮರುದಿನ ನೆಂಟರು ಗಿಜಿಗುಡುತ್ತಿದ್ದ ಚಾವಡಿಯಲ್ಲಿ ಗೋಡೆಗೆ ಒರಗಿ ಗೊರಕೆ ಹೊಡೆದ ಮನುಷ್ಯ. ಕುವೈತಿಗೆ ಬಂದು ತೈಲ ಕಂಪನಿಯಲ್ಲಿ ಶಿಫ್ಟ್ ಕೆಲಸ ಹಿಡಿದ ಮೇಲೂ ಹಾಗೆಯೇ ಇದ್ದರು. ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಏಳಕ್ಕೆ ಬಂದು, ಸ್ನಾನ ಮಾಡಿ, ಚಹಾ ಕುಡಿದು, ಎಂಟಕ್ಕೆ ಮಲಗಿದರೆ ಮಧ್ಯಾಹ್ನ ಎರಡೂವರೆಗೆ ಏಳುವುದು. ಇಪ್ಪತ್ತೊಂದು ವರ್ಷ ಅದು ತಪ್ಪಿರಲಿಲ್ಲ.

ಐವತ್ತಾರನೆಯ ವಯಸ್ಸಿನಲ್ಲಿ ತಪ್ಪಿತು. ಹತ್ತು ಗಂಟೆಗೇ ಎದ್ದು ಬಂದು ಹಾಲ್‌ನ ಸೋಫಾದಲ್ಲಿ ಸುಮ್ಮನೆ ಕೂರತೊಡಗಿದರು. ಒಂದು ಬೆಳಿಗ್ಗೆ ಕೆಲಸದಿಂದ ಬರುವಾಗ ಸಿಗ್ನಲ್‌ನಲ್ಲಿ ಕಾರು ನಿಲ್ಲಿಸಿದವರು ಸ್ಟಿಯರಿಂಗ್ ಹಿಡಿದುಕೊಂಡೇ ನಿದ್ದೆ ಹೋದರಂತೆ. ಹಿಂದಿನವನು ಇಳಿದು ಬಂದು ಗಾಜು ತಟ್ಟಿ ಎಬ್ಬಿಸಿದ್ದಾನೆ. ಬೇರೆ ಯಾರಾದರೂ ಆಗಿದ್ದರೆ ಬಾಯಿ ಮುಚ್ಚಿಕೊಂಡು ಇರುತ್ತಿದ್ದರು. ನನ್ನ ಗಂಡ ಸತ್ಯಹರಿಶ್ಚಂದ್ರನ ಕಿರಿಯ ತಮ್ಮ. ವರ್ಷದ ಮೆಡಿಕಲ್ ಪರೀಕ್ಷೆಯಲ್ಲಿ ಕಂಪನಿಯ ಡಾಕ್ಟರಿಗೆ ಇದನ್ನು ತಾವಾಗಿಯೇ ಹೇಳಿಬಂದರು. ಡಾಕ್ಟರು ಆರು ವಾರದ ಗಡುವು ಕೊಟ್ಟರು. ಅಷ್ಟರಲ್ಲಿ ನಿದ್ದೆ ಸರಿಯಾಗದಿದ್ದರೆ ಶಿಫ್ಟ್ ಕೆಲಸಕ್ಕೆ ಯೋಗ್ಯ ಎಂದು ಸಹಿ ಹಾಕಲಾಗುವುದಿಲ್ಲ ಎಂದರು.

ಸಹಿ ಇಲ್ಲದಿದ್ದರೆ ಕೆಲಸ ಇಲ್ಲ. ಕೆಲಸ ಇಲ್ಲದಿದ್ದರೆ ಇಕಾಮಾ ಎಂಬ ವಾಸದ ಪರವಾನಗಿ ಇಲ್ಲ, ಇಕಾಮಾ ಇಲ್ಲದಿದ್ದರೆ ಈ ದೇಶದಲ್ಲಿ ನಾವೇ ಇಲ್ಲ. ಮಗಳು ಹನ್ನೆರಡನೆಯ ಕ್ಲಾಸಿನಲ್ಲಿದ್ದಳು. ನಾನು ಹೆದರಿದ್ದು ನಿಜ, ಆದರೆ ಹೆದರಿದಾಗ ನನಗೆ ಕೈಕಟ್ಟಿ ಕೂರಲು ಬರುವುದಿಲ್ಲ. ಸಂಜೆ ಹೊತ್ತು ಹಲ್ಲಿನ ಕ್ಲಿನಿಕ್ಕೊಂದರ ರಿಸೆಪ್ಶನ್‌ನಲ್ಲಿ ಕೂರುವವಳು ನಾನು. ಯಾರು ಅಳುತ್ತಾ ಬಂದರೂ ಮೊದಲು ಒಂದು ಫಾರ್ಮ್ ಕೊಟ್ಟು ಕೂರಿಸುವುದು ಅಭ್ಯಾಸ. ಹಾಗೆಯೇ ಒಂದು ಹಾಳೆ ತೆಗೆದುಕೊಂಡು ಮಲಗುವ ಕೋಣೆಯ ಬಾಗಿಲಲ್ಲಿ ನಿಂತೆ.

ಆ ಕೋಣೆಯನ್ನು ಸರಿಯಾಗಿ ನೋಡಿದ್ದು ಅವತ್ತೇ. ಅಬು ಹಲೀಫಾದ ಈ ನಾಲ್ಕನೆಯ ಮಹಡಿಯ ಫ್ಲ್ಯಾಟಿಗೆ ನಾವು ಬಂದಾಗ ಹಿಂದಿನ ಬಾಡಿಗೆಯವರು ಬಿಟ್ಟುಹೋಗಿದ್ದ ಮಂಚದಲ್ಲೇ ಅಂದಿನಿಂದಲೂ ಮಲಗುತ್ತಿದ್ದೆವು. ಹಾಸಿಗೆಯೂ ಅವರದ್ದೇ, ನಡುವೆ ಎರಡು ಗುಂಡಿ ಬಿದ್ದಿತ್ತು, ಒಂದು ಇವರದ್ದು, ಒಂದು ನನ್ನದು. ಹೇಗೂ ಊರಿಗೆ ಹೋಗುವವರು, ಇಲ್ಲಿಗೆ ಯಾಕೆ ಹೊಸತು ಎಂಬುದು ನಮ್ಮ ಮಾತಾಗಿತ್ತು. ನಮ್ಮದು ಮಾತ್ರ ಅಲ್ಲ, ಈ ಕಟ್ಟಡದಲ್ಲಿ ಯಾರನ್ನು ಕೇಳಿದರೂ ಅದೇ ಮಾತು.

ಹೊಸತೆಲ್ಲ ಇದ್ದದ್ದು ಪೆಟ್ಟಿಗೆಗಳಲ್ಲಿ. ಉಡುಪಿಯ ಹತ್ತಿರ ನಾವು ಕಟ್ಟಿಸಿದ ಮನೆಯೊಂದಿದೆ. ಗೃಹಪ್ರವೇಶ ಮುಗಿಸಿ ಬೀಗ ಹಾಕಿ ಬಂದದ್ದು. ವರ್ಷಕ್ಕೊಮ್ಮೆ ರಜೆಯಲ್ಲಿ ತೆಗೆದು, ಗುಡಿಸಿ, ಮತ್ತೆ ಬೀಗ ಹಾಕುತ್ತೇವೆ. ಆ ಮನೆಗೆಂದು ನಾನು ಪ್ರತಿ ರಂಜಾನ್ ಸೇಲ್‌ನಲ್ಲೂ ಏನಾದರೂ ತರುತ್ತಿದ್ದೆ. ಕಾರ್ಗೋದಲ್ಲಿ ಕಳಿಸಿದರೆ ಮುಚ್ಚಿದ ಮನೆಯಲ್ಲಿ ಗೆದ್ದಲು ತಿಂದೀತೆಂದು ಎಲ್ಲವನ್ನೂ ಇಲ್ಲಿಯೇ ಕಟ್ಟಿಟ್ಟಿದ್ದೆ. ಬೆಡ್‌ಶೀಟ್, ಪರದೆ, ದಿಂಬು, ಊಟದ ಸೆಟ್, ನಾಲ್ಕು ದಪ್ಪ ಕಂಬಳಿ. ನಮ್ಮ ಕರಾವಳಿಯ ಸೆಕೆಯಲ್ಲಿ ಆ ಕಂಬಳಿ ಹೊದ್ದವರು ಬೆಂದು ಹೋಗಬೇಕು, ಆದರೂ ಗಲ್ಫಿನವರ ಮನೆಯೆಂದರೆ ಅದಿರಬೇಕು. ಮಂಚದ ಕೆಳಗೆ, ಕಪಾಟಿನ ಮೇಲೆ, ಒಂದು ಗೋಡೆಯುದ್ದಕ್ಕೂ ಎದೆಯೆತ್ತರಕ್ಕೆ ಪೆಟ್ಟಿಗೆಗಳು. ಪ್ರತಿಯೊಂದರ ಮೇಲೂ ದಪ್ಪ ಪೆನ್ನಿನಲ್ಲಿ ನನ್ನ ಅಕ್ಷರ: ಊರು, ಮೇಲಿನ ರೂಮು. ಊರು, ಪೂರ್ವದ ರೂಮು. ಊರು, ಅಡುಗೆಮನೆ.

ಹಾಳೆಯಲ್ಲಿ ನಾನು ಬರೆದದ್ದು ಬೆಳಕು, ಸದ್ದು, ಎಸಿ, ಫೋನು ಎಂದು. ಪೆಟ್ಟಿಗೆಗಳು ನನ್ನ ಕಣ್ಣಿಗೆ ಬೀಳಲೇ ಇಲ್ಲ. ಕಿಟಕಿಯ ಗಾಜಿಗೆ ಅಂಟಿಸಿದ್ದ ಬೆಳ್ಳಿ ಹಾಳೆ ಹರಿದಿತ್ತು, ಹೊಸತು ಅಂಟಿಸಿದೆ. ಟಿಕ್ ಟಿಕ್ ಎನ್ನುವ ಗೋಡೆ ಗಡಿಯಾರವನ್ನು ಅಡುಗೆಮನೆಗೆ ಓಡಿಸಿದೆ. ಎಸಿಯ ಗಾಳಿ ನೇರ ಮುಖಕ್ಕೆ ಬಡಿಯದಂತೆ ಕಟ್ಟಡದ ಹಾರಿಸ್‌ನನ್ನು ಕರೆಸಿ ಜಾಲರಿ ತಿರುಗಿಸಿ ಹಾಕಿಸಿದೆ. ಕಟ್ಟಡ ನೋಡಿಕೊಳ್ಳುವ ಆ ಮನುಷ್ಯನಿಗೆ ನಮ್ಮ ಮನೆಯ ಕಷ್ಟ ನಮಗಿಂತ ಚೆನ್ನಾಗಿ ಗೊತ್ತು. ಇವರ ಫೋನನ್ನು ಹಾಲ್‌ನಲ್ಲೇ ಇಡಿಸಿದೆ. ಬೆಳಗಿನ ಚಹಾ ನಿಲ್ಲಿಸಿ ಬಿಸಿ ಹಾಲು ಕೊಟ್ಟೆ, ಅದನ್ನು ಮಾತ್ರ ನನಗೆ ಶಾಪ ಹಾಕುತ್ತಲೇ ಕುಡಿದರು.

ಯಾವುದೂ ನಡೆಯಲಿಲ್ಲ. ಊರಿನಿಂದ ಅಮ್ಮ ಫೋನಿನಲ್ಲಿ, "ತಲೆ ಯಾವ ದಿಕ್ಕಿಗೆ ಹಾಕಿ ಮಲಗ್ತಾರೆ, ನೋಡಿದ್ದೀಯಾ?" ಎಂದು ಕೇಳಿದರು. ಮಗಳ ಫೋನಿನ ದಿಕ್ಸೂಚಿ ಹಿಡಿದು ನೋಡಿದರೆ ಉತ್ತರ. ಆ ದಿಕ್ಕಿಗೆ ತಲೆ ಹಾಕಬಾರದೆಂದು ಕೇಳುತ್ತಲೇ ಬೆಳೆದ ಜನ ನಾವು, ಇಷ್ಟು ವರ್ಷ ಉತ್ತರಕ್ಕೆ ತಲೆ ಹಾಕಿ ಮಲಗಿದ್ದೆವು. ಕಾರಣ ಸರಳ: ದಕ್ಷಿಣದ ಗೋಡೆಗೆ ಪೆಟ್ಟಿಗೆಗಳಿದ್ದವು. ನನಗೆ ಸಮಸ್ಯೆ ಸಿಕ್ಕಿತೆಂದು ಖುಷಿಯಾಯಿತು. ಶುಕ್ರವಾರ ಮಗಳನ್ನು ಹಿಡಿದುಕೊಂಡು ಎರಡು ಗಂಟೆ ಬೆವರು ಸುರಿಸಿ, ಪೆಟ್ಟಿಗೆಗಳನ್ನೆಲ್ಲ ಉತ್ತರದ ಗೋಡೆಗೆ ಸಾಗಿಸಿ, ಮಂಚವನ್ನು ದಕ್ಷಿಣಕ್ಕೆ ತಿರುಗಿಸಿದೆ.

ಮಗಳು ಮೂಗಿನ ಧೂಳು ಒರೆಸಿಕೊಂಡು, "ಅಮ್ಮ, ಯು ಆರ್ ಜಸ್ಟ್ ಮೂವಿಂಗ್ ದೆಮ್ ಅರೌಂಡ್," ಅಂದಳು.

"ಮತ್ತೆಂತ ಮಾಡುವುದು?"

"ಓಪನ್ ದೆಮ್."

"ಊರಿಗೆ ಇಟ್ಟದ್ದನ್ನು ಇಲ್ಲಿ ಬಿಚ್ಚುವುದಾ? ಹೋಗಿ ಓದಿಕೋ."

ಮಂಚ ತಿರುಗಿಸಿದ ಮೇಲೆ ಇವರ ನಿದ್ದೆ ಇನ್ನೂ ಕೆಟ್ಟಿತು. ಮೊದಲು ಹತ್ತಕ್ಕೆ ಏಳುತ್ತಿದ್ದವರು ಒಂಬತ್ತೂವರೆಗೇ ಎದ್ದರು. ಡಾಕ್ಟರ ಗಡುವಿನಲ್ಲಿ ಮೂರು ವಾರ ಕಳೆದಿತ್ತು. ಒಂದು ದಿನ ನಾನು ಕೋಣೆಗೆ ಹೋದಾಗ ಇವರು ಮಂಚದ ತುದಿಯಲ್ಲಿ ಕೂತು ಎದುರಿನ ಗೋಡೆ ನೋಡುತ್ತಿದ್ದರು. ನಾವು ಮನೆಯಲ್ಲಿ ಆಡುವುದು ತುಳು. ಅವತ್ತಿನ ಮಾತನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ, ಅಷ್ಟೇ.

"ನೀನು ಕೋಪ ಮಾಡ್ಲಿಕ್ಕಿಲ್ಲ ಅಂದ್ರೆ ಒಂದು ಹೇಳ್ತೇನೆ," ಅಂದರು. "ಕಣ್ಣು ಬಿಟ್ರೆ ಈ ಬಾಕ್ಸೇ ಕಾಣ್ತದೆ. ಮೇಲಿನ ರೂಮು, ಪೂರ್ವದ ರೂಮು ಅಂತ. ಮಲಗಿದಲ್ಲಿಂದಲೇ ಆ ಮನೆಗೆ ಸಾಮಾನು ಇಡ್ಲಿಕ್ಕೆ ಶುರು ಮಾಡ್ತೇನೆ. ಪರದೆ ಹಾಕ್ತೇನೆ, ಹಾಸಿಗೆ ಹಾಸ್ತೇನೆ. ಎಲ್ಲ ಆದ ಮೇಲೆ ನೋಡಿದ್ರೆ ಮನೆಯಲ್ಲಿ ಜನ ಇಲ್ಲ."

"ಇಷ್ಟು ವರ್ಷ ಇಲ್ಲದ್ದು ಈಗ ಎಂತ?"

"ಆಗ ನನಗೆ ಪ್ರಾಯ ಇತ್ತು ಮಾರಾಯ್ತಿ. ಈಗ, ನಾವು ಹೋಗಿ ಇದನ್ನೆಲ್ಲ ಬಳಸುವುದು ಎಷ್ಟು ದಿವಸ ಅಂತ ಯೋಚನೆ ಬರ್ತದೆ."

ಕೋಪ ಮಾಡಬೇಡ ಎಂದಿದ್ದರೂ ನನಗೆ ಕೋಪ ಬಂತು. ಒಂದೊಂದನ್ನೂ ಆರಿಸಿ ತಂದವಳು ನಾನು, ಒಂದೊಂದನ್ನೂ ಕಾಗದ ಸುತ್ತಿ ಕಟ್ಟಿದವಳು ನಾನು. ಆ ಪೆಟ್ಟಿಗೆಗಳೇ ಇವರ ನಿದ್ದೆಗೆ ಶತ್ರು ಎಂದರೆ ನಾನೇ ಶತ್ರು ಎಂದಂತೆ. ಎರಡು ದಿನ ಮಾತು ಬಿಟ್ಟೆ. ಮೂರನೆಯ ದಿನ ಶಿಫ್ಟ್ ಬದಲಾಗಿ ಇವರು ಹಗಲು ಪಾಳಿಗೆ ಹೋದ ಮೇಲೆ, ಅಡುಗೆಮನೆಯ ಚೂರಿ ತಂದು ಮೊದಲ ಪೆಟ್ಟಿಗೆಯ ಟೇಪು ಕೊಯ್ದೆ.

ಎಲಾಸ್ಟಿಕ್ ಇದ್ದ ಶೀಟುಗಳನ್ನು ಎಳೆದರೆ ಎಲಾಸ್ಟಿಕ್ ಹಪ್ಪಳ ಮುರಿದಂತೆ ಮುರಿಯಿತು. ದಿಂಬುಗಳು ಪ್ಲಾಸ್ಟಿಕ್ಕಿನೊಳಗೇ ಹಳದಿಯಾಗಿ, ಹಿಂಡಿದರೆ ಪುಡಿ ಉದುರುತ್ತಿತ್ತು. ಕುಕ್ಕರಿನ ರಬ್ಬರು ಅಂಟಾಗಿತ್ತು. ಮಗಳು ಹುಟ್ಟಿದ ವರ್ಷ, ಮುಂದೆ ಅವಳಿಗೆ ಅಲ್ಲಿ ಒಂದು ರೂಮು ಇರಲಿ ಎಂದು ತಂದ ಚಿಟ್ಟೆಗಳ ಹೊದಿಕೆ ಮಾತ್ರ ಹಾಗೆಯೇ ಇತ್ತು, ಆದರೆ ಅದನ್ನು ಹೊದೆಯುವ ವಯಸ್ಸು ಅವಳಿಗೆ ದಾಟಿ ಹತ್ತು ವರ್ಷವಾಗಿತ್ತು. ಅದನ್ನು ಮಡಿಲಲ್ಲಿಟ್ಟುಕೊಂಡು ನೆಲದ ಮೇಲೆ ಕೂತು ಅತ್ತೆ. ಹಾಳಾದ ಸಾಮಾನಿಗೆ ಅಲ್ಲ. ಗುಂಡಿ ಬಿದ್ದ ಹಾಸಿಗೆಯಲ್ಲಿ ನಾವು ಮಲಗಿ, ಗೆದ್ದಲಿಗೆ ಕೊಡಬಾರದೆಂದು ಕಾದದ್ದನ್ನು ಸುಮ್ಮನೆ ಕಾಲಕ್ಕೆ ಕೊಟ್ಟುಬಿಟ್ಟೆನಲ್ಲ ಎಂದು ನಾಚಿಕೆಯಾಯಿತು.

ನಾಲ್ಕು ದಿನ ಹಿಡಿಯಿತು. ಅಷ್ಟು ದಿನ ಇವರನ್ನು ಹಾಲ್‌ನ ಸೋಫಾದಲ್ಲೇ ಮಲಗಿಸಿ, ಕೋಣೆಯೊಳಗೆ ಬಿಡಲಿಲ್ಲ. ಕೆಟ್ಟದ್ದನ್ನು ಎಸೆದೆ. ಕಂಬಳಿಗಳನ್ನು ಹಾರಿಸ್‌ಗೆ ಕೊಟ್ಟೆ. ಇಲ್ಲಿಯ ಚಳಿಗಾಲದಲ್ಲಿ ಅವನ ರೂಮಿನವರಿಗೆ ಬೇಕಾಗುತ್ತವೆ. ಊಟದ ಸೆಟ್ ಅಡುಗೆಮನೆಗೆ ಹೋಯಿತು. ಹೊಸ ಮಂಚ, ಹೊಸ ಹಾಸಿಗೆ ತರಿಸಿದೆ. ಪೂರ್ವದ ರೂಮಿನ ಪರದೆಗಳನ್ನು ಫಹಾಹೀಲ್‌ನ ದರ್ಜಿಯೊಬ್ಬನ ಹತ್ತಿರ ಮೊಟಕು ಮಾಡಿಸಿ ಈ ಕಿಟಕಿಗೆ ಹಾಕಿದೆ. ಮೇಲಿನ ರೂಮಿನ ತಿಳಿ ಹಸಿರು ಹತ್ತಿಯ ಶೀಟನ್ನು ಎರಡು ಸಲ ತೊಳೆದು ಹಾಸಿದೆ, ಮಡಿಕೆಯ ಗೆರೆ ಹೋಗಲಿಲ್ಲ. ಖಾಲಿಯಾದ ಗೋಡೆಗೆ ಏನನ್ನೂ ಇಡಲಿಲ್ಲ.

ರಾತ್ರಿ ಪಾಳಿ ಮುಗಿಸಿ ಬಂದ ಇವರು ಬಾಗಿಲಲ್ಲಿ ನಿಂತು ನೋಡಿದರು.

"ಇದು ಊರಿಗೆ ಅಂತ ಇಟ್ಟದ್ದಲ್ವಾ?"

"ಹೌದು. ಮಲಗಿ."

ಹಾಸಿಗೆಯ ಮೇಲೆ ಅತಿಥಿಯ ಹಾಗೆ ಒಂದು ಬದಿಗೆ ಮಲಗಿದರು. ನಾನು ಹನ್ನೊಂದಕ್ಕೆ ಇಣುಕಿದೆ, ಹನ್ನೆರಡೂವರೆಗೆ ಇಣುಕಿದೆ. ಗೊರಕೆ ಕೇಳಿಸಿತು. ಅಷ್ಟು ವರ್ಷ ಬೈದುಕೊಂಡ ಆ ಗೊರಕೆಗೆ ಅವತ್ತು ನಾನು ಬಾಗಿಲ ಹೊರಗೆ ನಿಂತು ಕೈಮುಗಿದೆ. ಆಮೇಲಿನ ವಾರಗಳಲ್ಲಿ ಒಂದೆರಡು ದಿನ ಬಿಟ್ಟರೆ ಉಳಿದ ದಿನವೆಲ್ಲ ಮಧ್ಯಾಹ್ನದವರೆಗೆ ಮಲಗಿದರು.

ಆರನೆಯ ವಾರ ಡಾಕ್ಟರ ಹತ್ತಿರ ಹೋದವರು ಪಾರ್ಕಿಂಗ್‌ನಿಂದಲೇ ಫೋನ್ ಮಾಡಿದರು. "ಸೈನ್ ಹಾಕಿದ್ರು. ಖಲಾಸ್, ಇನ್ನು ತಲೆಬಿಸಿ ಇಲ್ಲ. ಮ್ಯಾನೇಜರ್ ಹತ್ತಿರವೂ ಮಾತಾಡಿದೆ, ಅರವತ್ತಾಗುವವರೆಗೆ ಇರಬಹುದಂತೆ."

"ಒಳ್ಳೆಯದಾಯ್ತು," ಅಂದೆ. ಫೋನ್ ಇಟ್ಟ ಮೇಲೆ ಕೋಣೆಗೆ ಹೋಗಿ ಆ ಖಾಲಿ ಗೋಡೆಯ ಎದುರು ನಿಂತೆ. ಆರು ವಾರ ಯಾವುದಕ್ಕಾಗಿ ಒದ್ದಾಡಿದ್ದೆನೋ ಅದು ಸಿಕ್ಕಿತ್ತು, ಮತ್ತು ಅದು ಸಿಗಬಾರದಿತ್ತು ಎಂದು ನನ್ನೊಳಗೆ ಒಂದು ಮಾತು ಕೂತಿತ್ತು. ಇಷ್ಟು ವರ್ಷ ಈ ಫ್ಲ್ಯಾಟಿನ ಇಕ್ಕಟ್ಟು, ಧೂಳು, ಲಿಫ್ಟು ಕೆಟ್ಟಾಗ ನಾಲ್ಕು ಮಹಡಿ, ಎಲ್ಲವನ್ನೂ ನಾನು ಹೊರಡಲು ನಿಂತವಳ ಹಾಗೆ ತಾಳಿಕೊಂಡಿದ್ದೆ. ಈಗ ಹೊರಡುವ ಗುರುತು ಯಾವುದೂ ಮನೆಯಲ್ಲಿ ಉಳಿದಿರಲಿಲ್ಲ. ನಾನು ಇಲ್ಲಿ ಇರುವವಳು.

ಇವರು ಬಂದು, ಉಂಡು, ಸಂತೋಷದಲ್ಲಿ ಕಾಲು ಚಾಚಿದರು. ನಾನು ಮಂಚದ ಅಂಚಿನಲ್ಲಿ ಕೂತಿದ್ದೆ. ಮುಖ ನೋಡಿದ ಕೂಡಲೇ ಗೊತ್ತಾಗಿರಬೇಕು.

"ನಿನಗೆ ಖುಷಿ ಆಗ್ಲಿಲ್ಲ."

"ಆಗಿದೆ."

"ಊರಿಗೆ ಹೋಗ್ಬೇಕು ಅಂತ ಇತ್ತಾ?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಇತ್ತು," ಅಂದೆ.

"ಇಷ್ಟು ವರ್ಷದಲ್ಲಿ ಒಮ್ಮೆಯೂ ಹೇಳ್ಲಿಲ್ಲ ನೀನು."

"ಹೇಳಿದ್ರೆ ನಿಮಗೆ ನಿದ್ದೆ ಬರ್ತಿತ್ತಾ?"

ಇವರು ಒಂದು ಬದಿಗೆ ಸರಿದು ನನಗೆ ಜಾಗ ಮಾಡಿದರು. ನಾನೂ ಮಲಗಿದೆ. ಕೋಣೆ ತಂಪಾಗಿತ್ತು, ಕತ್ತಲಾಗಿತ್ತು, ಒಂದು ಸದ್ದೂ ಇರಲಿಲ್ಲ. ನನಗೆ ನಿದ್ದೆ ಬರಲಿಲ್ಲ.