ಅವ್ವನಿಗೆ ಒಗ್ಗಿದ ಕಾರು

ಕೆ.ಆರ್. ಪೇಟೆಯ ನಿವೃತ್ತ ಡಾಕ್ಟರೊಬ್ಬರು ತಮ್ಮ ಹಳೇ ಹೈಬ್ರಿಡ್ ಕಾರು ಮಾರುತ್ತಾರೆಂದು ಕೇಳಿ ನೋಡಲು ಹೋದೆ. ಕೊಳ್ಳುವ ಇರಾದೆಯೇನೂ ಇರಲಿಲ್ಲ, ಬರೀ ಚಪಲ. ದೊಡ್ಡ ಸಾಹೇಬರು ಹಿಂದಿನ ಸೀಟಿನಲ್ಲಿ ಕೂತು ಪೇಪರ್ ಓದುವಂಥ ಉದ್ದನೆಯ ಕಾರು. ಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕುವ ನನಗೆ ಅದು ಯಾಕೆ? ಆದರೂ ಡಾಕ್ಟರು ಹಿಂದೆ ಕೂರಿಸಿಕೊಂಡು ಒಂದು ಸುತ್ತು ಹೊಡೆಸಿದರು. ಬ್ಯಾಟರಿಯಲ್ಲಿ ಹೊರಟ ಕಾರು ಸದ್ದು ಮಾಡಲಿಲ್ಲ, ನಡುಗಲಿಲ್ಲ, ಡೀಸೆಲ್ ವಾಸನೆಯೂ ಇಲ್ಲ. ಪೆಟ್ರೋಲ್ ಎಂಜಿನ್ ಯಾವಾಗ ಸೇರಿಕೊಂಡಿತೋ ತಿಳಿಯಲೇ ಇಲ್ಲ. ತಟ್ಟನೆ ನನಗೆ ಅವ್ವ ನೆನಪಾದಳು.

ಅವ್ವನಿಗೆ ಬಸ್ಸು, ಜೀಪು, ಆಟೊ ಯಾವುದೂ ಆಗದು. ಹತ್ತಿದಳೋ, ವಾಂತಿ. ನಾಗಮಂಗಲದ ಹತ್ತಿರ ಇರುವ ಅವಳ ಅಕ್ಕನಿಗೂ ಅದೇ ರೋಗ. ತೊಣ್ಣೂರಿನ ಪಕ್ಕದ ನಮ್ಮೂರಿಂದ ಅಲ್ಲಿಗೆ ಒಂದು ಗಂಟೆ ದಾರಿ, ಅಷ್ಟೆ. ಆದರೂ ಅಕ್ಕ ತಂಗಿ ಮುಖ ನೋಡಿ ಏಳು ವರ್ಷವಾಗಿತ್ತು.

ಕಾರನ್ನು ಪರೀಕ್ಷೆಗೆಂದು ಕಿರಂಗೂರಿನ ನನ್ನ ಮೆಕ್ಯಾನಿಕ್ ಗೆಳೆಯನಲ್ಲಿಗೆ ಒಯ್ದೆ. ಬಾನೆಟ್ ಎತ್ತಿದವನೇ ಶುರು ಮಾಡಿದ.

"ಬ್ಯಾಟ್ರಿ ಕೈ ಕೊಟ್ರೆ ಏನ್ಲಾ ಮಾಡೀಯೆ? ಇದ್ರ ಬದ್ಲು ಇನ್ನೆರಡು ಹಸ ಕಟ್ಬೋದಿತ್ತು ಕಣ್ಲಾ."

"ಹಸದ ಮೇಲೆ ಕೂತ್ಕಂಡು ನಮ್ಮವ್ವ ನಾಗಮಂಗ್ಲಕ್ಕೆ ಓಗಕಾಯ್ತದೇನ್ಲಾ?" ಎಂದು ರೇಗಿದೆ.

ಅವನು ಒಂದೊಂದಾಗಿ ಎಲ್ಲ ನೋಡಿ, "ಬ್ಯಾಟ್ರಿ ಚೆನ್ನಾಗದೆ, ತಕೋ ಅತ್ಲಾಗೆ" ಎಂದ. ತೆಗೆದುಕೊಂಡೆ.

ಒಂದು ಭಾನುವಾರ ಬೆಳಗಿನ ಹಾಲು ಕರೆದಾದ ಮೇಲೆ ಅವ್ವನನ್ನು ಹಿಂದೆ ಕೂರಿಸಿದೆ. ಎಷ್ಟು ಹೇಳಿದರೂ ಅವಳಿಗೆ ನಂಬಿಕೆಯಿಲ್ಲ. ಮೂಗಿಗೆ ನಿಂಬೆಹಣ್ಣು, ಮಡಿಲಲ್ಲಿ ಪ್ಲಾಸ್ಟಿಕ್ ಕವರು, ಕಣ್ಣು ಬಿಗಿಯಾಗಿ ಮುಚ್ಚಿತ್ತು. ಇದರಲ್ಲೂ ಆಗದಿದ್ದರೆ ಅವಳು ಇನ್ನು ಅಕ್ಕನನ್ನು ನೋಡುವ ಆಸೆಯನ್ನೇ ಬಿಟ್ಟುಬಿಡುತ್ತಾಳೆ, ಅದು ಖಂಡಿತ. ಮೆಲ್ಲಗೆ ಬೀದಿ ದಾಟಿ ಡೈರಿ ಮುಂದೆ ಹೋಗುತ್ತಿದ್ದೆ.

"ಎಷ್ಟೊತ್ಲಾ? ಸ್ಟಾರ್ಟ್ ಆಗ್ದೆ ಇದ್ರೆ ಬುಡು ಮಗ, ಇಳ್ಕತೀನಿ" ಎಂದು ಅವ್ವ ಬಾಗಿಲಿಗೆ ಕೈ ಹಾಕಿದಳು!

"ಅಯ್ಯೋ ಅವ್ವಾ, ಮುಟ್ಬ್ಯಾಡ! ಡೈರಿತಾವ್ ಬಂದ್ಬುಟ್ಟಿದ್ದೀವಿ!"

ಕಣ್ಣು ಬಿಟ್ಟು ನೋಡಿದಳು. "ಅರೇ ಇವ್ನ!" ಎಂದಳು. ಆಮೇಲೆ ಮಾತಿಲ್ಲ. ಜಕ್ಕನಹಳ್ಳಿ ಬಂದರೂ ಮಾತಿಲ್ಲ. ಇನ್ನೇನು ಆಯಿತು ಗ್ರಹಚಾರ ಅಂದುಕೊಂಡು ಕಾರನ್ನು ಪಕ್ಕಕ್ಕೆ ಹಾಕಿದೆ.

"ಯಾಕ್ಲಾ ನಿಲ್ಸ್ದೆ? ದಾರಿ ನೋಡ್ತಾ ಇದ್ದೆ ಕಣ್ಲಾ. ಮದ್ವೆ ಆದಾಗ್ಲಿಂದ ಕಣ್ ಮುಚ್ಕಂಡೇ ಓಡಾಡಿವ್ನಿ. ಈ ಬೆಟ್ಟ ಇಲ್ಲಿ ಅದೆ ಅಂತ್ಲೇ ಗೊತ್ತಿರ್ನಿಲ್ಲ."

ನಗುತ್ತಾ ಕಾರನ್ನು ಮತ್ತೆ ಹೊರಡಿಸಿದೆ. ಉಳಿದ ದಾರಿಯುದ್ದಕ್ಕೂ ಅವ್ವ ತೋಟ, ತೆಂಗು, ಬೋರ್ಡು, ಎಮ್ಮೆ ಒಂದನ್ನೂ ಬಿಡದೆ ವರದಿ ಒಪ್ಪಿಸಿದಳು.

ದೊಡ್ಡವ್ವ ಜಗುಲಿಯ ಮೇಲೆ ಆ ಕಡೆ ಮುಖ ಮಾಡಿಕೊಂಡು ಅವರೆಕಾಯಿ ಸುಲಿಯುತ್ತಿದ್ದಳು. ಬರುತ್ತೇವೆಂದು ನಾವು ಹೇಳಿರಲಿಲ್ಲ. ಅರ್ಧ ದಾರಿಯಿಂದ ವಾಪಸಾಗಬೇಕಾಗಿ ಬಂದರೆ ಎಂಬ ಭಯ. ಅವ್ವ ಹೋಗಿ ಪಕ್ಕದಲ್ಲಿ ಕೂತು, ಮೊರದಿಂದ ಒಂದು ಹಿಡಿ ಎತ್ತಿಕೊಂಡು ಸುಲಿಯತೊಡಗಿದಳು. ದೊಡ್ಡವ್ವ ತಿರುಗಿ ನೋಡಿ ಅವ್ವನ ಕೈ ಹಿಡಿದುಕೊಂಡಳು. ಬಾಯಿಂದ ಬಂದದ್ದು ಒಂದೇ ಮಾತು:

"ವಾಂತಿ ಆಯ್ತಾ?"

"ಒಂದ್ ದಪಾನೂ ಇಲ್ಲ ಕಣಕ್ಕ."

ದೊಡ್ಡವ್ವ ನನ್ನ ಕಡೆ ತಿರುಗಿದಳು. "ದಿಟವೇನ್ಲಾ?"

"ದಿಟ ಕಣ್ ದೊಡ್ಡವ್ವ."

ಬಂದವರಿಗೆ ನೀರು ಕೊಡುವುದನ್ನೂ ಮರೆತು ಒಳಗೆ ಹೋದಳು. ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಹೊರಗೆ ಬಂದಾಗ ಮಡಿಕೆ ಬಿಚ್ಚಿದ ಹೊಸ ಸೀರೆ ಉಟ್ಟಿದ್ದಳು, ಕೈಯಲ್ಲಿ ಬಟ್ಟೆಯ ಚೀಲ.

"ನೀವ್ ಕಟ್ಸಿರೋ ಮನೇನ ಫೋಟೋದಲ್ಲೇ ನೋಡಿರೋದು ನಾನು. ನಡೀರಿ."