ಶಿವರಾತ್ರಿ ಕಳೆದ ಮೇಲಿನ ಚಳಿ

ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಓಡಿಹೋಗುತ್ತದೆ ಎಂಬ ಮಾತನ್ನು ನಂಬಿ ಕಾಶ್ಮೀರಕ್ಕೆ ಹೋದ ಪುಣ್ಯಾತ್ಮರು ಲೋಕದಲ್ಲಿ ಇಬ್ಬರೇ ಇರಬೇಕು. ಒಬ್ಬ ನಾನು, ಇನ್ನೊಬ್ಬ ನನ್ನ ಸೋದರಮಾವ. ಕೊಳ್ಳೇಗಾಲ ಇನ್ನೂ ಮದರಾಸು ಸರ್ಕಾರದ ಕೈಯಲ್ಲಿದ್ದ ಕಾಲ. ನಾನು ಅಲ್ಲಿನ ರೇಷ್ಮೆ ಕಚೇರಿಯಲ್ಲಿ ಸಣ್ಣ ನೌಕರ. ಮಾವ ಹನೂರಿನ ಕಡೆ ಹಿಪ್ಪುನೇರಳೆ ಬೆಳೆದು ಹುಳು ಸಾಕುತ್ತಿದ್ದವನು. ರೋಗ ಬಡಿದು ಅವನ ಎರಡು ಬೆಳೆ ಹುಳು ಕೊಳೆತು, ಮನೆಮಂದಿಯೆಲ್ಲ ಮಂಕರಿಯಲ್ಲಿ ಹೊತ್ತು ಹಳ್ಳಕ್ಕೆ ಸುರಿದು ಬಂದಿದ್ದರು. ಕಾಶ್ಮೀರದ ಗಟ್ಟಿ ತಳಿಯ ಮೊಟ್ಟೆ ತಂದು ನಮ್ಮ ತಳಿಗೆ ಕೂಡಿಸಿ ನೋಡೋಣ ಎಂದು ಮೇಲಿನವರು ನನ್ನನ್ನು ಕಳಿಸಿದಾಗ, ಮಾವ ತಾನೂ ಬರುತ್ತೇನೆಂದು ಹಟ ಹಿಡಿದ.

"ಶಿವರಾತ್ರಿ ಕಳೀಲಿ ಕಣ್ಲಾ. ಆಮ್ಯಾಕೆ ಚಳಿ ಎಲ್ಲೈತೆ?" ಎಂದ. ಹೆಗಲಿಗೆ ಒಂದೊಂದು ಕಂಬಳಿ ಹಾಕಿಕೊಂಡು ಹೊರಟೆವು.

ಮೊಟ್ಟೆಯೇನೋ ಸಿಕ್ಕಿತು. ಗಸಗಸೆ ಅಂಟಿಸಿದಂತಿದ್ದ ಹಾಳೆಗಳನ್ನು ಮರದ ಪೆಟ್ಟಿಗೆಯಲ್ಲಿಟ್ಟುಕೊಟ್ಟ ಅಲ್ಲಿನ ಅಧಿಕಾರಿ ಒಂದೇ ಮಾತು ಹೇಳಿದರು: ಊರು ಸೇರುವ ತನಕ ಇದು ಚಳಿಯಲ್ಲೇ ಇರಬೇಕು, ಬಯಲಿಗಿಳಿದ ಮೇಲೆ ಐಸಿನಲ್ಲಿಡಿ, ಕಾವು ತಾಗಿದರೆ ಹುಳು ಹೊರಗೆ ಬಂದುಬಿಡುತ್ತದೆ. ಮಾವನಿಗೆ ಅದನ್ನು ಕನ್ನಡದಲ್ಲಿ ಬಿಡಿಸಿ ಹೇಳಿದೆ. ಊಂ ಅಂದ.

ಹಿಂತಿರುಗುವಾಗ ಘಾಟಿ ಹತ್ತುವ ಮುಂಚಿನ ಹಳ್ಳಿಯಲ್ಲಿ ನಾವು ಕೂತಿದ್ದ ಲಾರಿ ನಿಂತಿತು. ಮೇಲೆ ಹಿಮ ಬಿದ್ದು ದಾರಿ ಮುಚ್ಚಿತ್ತು. ವಾಪಸು ಹೋಗೋಣವೆಂದರೆ ಬೆಳಗಾಗುವಷ್ಟರಲ್ಲಿ ಬಂದ ದಾರಿಯೂ ಮುಚ್ಚಿತು. ಅಲ್ಲಿದ್ದದ್ದು ಒಂದು ಕೋಣೆ, ಒಂದು ಒಲೆ, ಕಣ್ಣುರಿಯುವ ಹೊಗೆ, ನಮ್ಮ ಮಾತು ತಿಳಿಯದ ಒಂದು ಗುಂಪು ಜನ. ಕಿಟಕಿಯನ್ನು ಹಿಮ ನುಂಗಿತ್ತು. ಬಾಗಿಲು ತೆರೆಯಬೇಕಾದರೆ ಗುದ್ದಲಿ ಹಿಡಿಯಬೇಕು. ದಿನ ಎಣಿಸುವುದನ್ನೂ ಬಿಟ್ಟೆ. ಇದ್ದ ಅಂಗಿ, ಪಂಚೆಗಳನ್ನೆಲ್ಲ ಒಂದರ ಮೇಲೊಂದು ಸುತ್ತಿಕೊಂಡು, ನಮ್ಮ ಕಡೆಯ ಸತ್ತೇಗಾಲದ ಹೊಳೆಯ ಕಾದ ಮರಳನ್ನು ನೆನೆಸಿಕೊಂಡರೆ ಅಳು ಬರುತ್ತಿತ್ತು.

"ಬಿಸ್ಲು ಬಿಸ್ಲು ಅಂತ ಬಯ್ಕತಿದ್ನಲ್ಲಾ, ನನ್ನ ಬಾಯ್ಗೆ ಮಣ್ಣಾಕ!" ಎಂದು ಮಾವ ಒಲೆಯ ಪಕ್ಕ ಕೂತು ಗೊಣಗುತ್ತಿದ್ದ.

ನನಗೆ ಒಲೆಯ ಭಾಗ್ಯವೂ ಇರಲಿಲ್ಲ. ಪೆಟ್ಟಿಗೆ ಬೆಂಕಿಯಿಂದ ದೂರ ಇರಬೇಕಲ್ಲ! ಬಾಗಿಲ ಸಂದಿಯಲ್ಲಿ ಅದನ್ನಿಟ್ಟು, ಯಾರೂ ಅದರ ಮೇಲೆ ಕೆಂಡದ ಕುಡಿಕೆ ಇಡದಂತೆ ನಾಯಿಯ ಹಾಗೆ ಕಾದೆ. ಅಲ್ಲಿನವರಿಗೆ ಬೆತ್ತದ ಬುಟ್ಟಿಯೊಳಗಿನ ಆ ಕುಡಿಕೆಯೇ ಜೀವ. ನಿಲುವಂಗಿಯೊಳಗೇ ಇಟ್ಟುಕೊಂಡು ಓಡಾಡುತ್ತಾರೆ. ಕೊನೆಗೆ ನನಗೆ ಕೆಮ್ಮು ಹಿಡಿಯಿತು.

"ಏಳ್ಲಾ ಅಳಿಯಾ, ಒಲೆ ತಾವ್ಕೆ ಓಗು. ಪೆಟ್ಗೆ ನಾ ನೋಡ್ಕತೀನಿ" ಎಂದ ಮಾವ.

ಅಂದಿನಿಂದ ಅವನು ಬಾಗಿಲ ಬಳಿ ತಲೆತುಂಬ ಕಂಬಳಿ ಹೊದ್ದು ಅಲುಗದೆ ಕೂತ. ಒಲೆಯ ಹತ್ತಿರ ಬಾ ಎಂದರೆ, "ನಂಗೇನೂ ಚಳಿ ಇಲ್ಲ ಕಣ್ಲಾ" ಎನ್ನುತ್ತಿದ್ದ. ಬಡಕಲು ದೇಹದ ಈ ಮನುಷ್ಯನಿಗೆ ಎಂಥ ಗಟ್ಟಿ ಜೀವ ಎಂದುಕೊಳ್ಳುತ್ತಿದ್ದೆ.

ಕೊನೆಗೊಂದು ಬೆಳಿಗ್ಗೆ ದಾರಿ ತೆರೆಯಿತೆಂದು ಲಾರಿಯವನು ಕೂಗಿದ. ಓಡಿಬಂದು ಪೆಟ್ಟಿಗೆ ಎತ್ತಿಕೊಂಡೆ. ಹಗುರವಾಗಿತ್ತು. ಮುಚ್ಚಳ ತೆಗೆದರೆ ಒಂದು ಹಾಳೆಯೂ ಇಲ್ಲ.

"ಮಾವಾ, ಮೊಟ್ಟೆ ಎಲ್ಲಿ?"

ಮಾವ ಬಾಯ್ತುಂಬ ನಗುತ್ತ ಕಂಬಳಿ ಬಿಚ್ಚಿದ. ತೊಡೆಯ ಸಂದಿಯಲ್ಲಿ ಕೆಂಡದ ಕುಡಿಕೆ, ಮಡಿಲಲ್ಲಿ ಟವಲು, ಟವಲಿನೊಳಗೆ ಹಾಳೆಗಳು. "ಸೋನೆ ಇಡ್ಕಂಡಾಗ ನಿಮ್ಮತ್ತೆ ಮೊಟ್ಟೆನ ಮಡ್ಲಲ್ಲಿ ಕಟ್ಕಂಡು ಬದುಕ್ಸಕಿಲ್ವಾ? ನೀನು ಗಾಳಿಗಿಕ್ಕಿ ಸಾಯಿಸ್ತಿದ್ದೆ. ನೋಡು, ಒಂದೂ ಸಾಯಕ್ಕೆ ಬುಡ್ನಿಲ್ಲ!"

ನಿಜ. ಒಂದೂ ಸತ್ತಿರಲಿಲ್ಲ. ಕೂದಲೆಳೆಯಷ್ಟು ಸಣ್ಣ ಕಪ್ಪು ಹುಳುಗಳು ಹಾಳೆ ತುಂಬ, ಟವಲು ತುಂಬ ಹರಿದಾಡುತ್ತಿದ್ದವು. ತಲೆ ಎತ್ತಿ ಎತ್ತಿ ಸೊಪ್ಪು ಹುಡುಕುತ್ತಿದ್ದವು.

"ಹೇಳಿರ್ನಿಲ್ವಾ ನಾನು? ಕಿವೀಗೇನು ಅತ್ತಿ ತುರುಕ್ಕಂಡಿದ್ದಾ? ಈಗ ಸೊಪ್ಪು ಎಲ್ಲಿಂದ ತಂದಾಕ್ತೀಯಾ?" ಎಂದು ಕೋಣೆ ಹಾರಿಹೋಗುವಂತೆ ಕಿರುಚಿದೆ.

"ಸೊಪ್ಪು..." ಎಂದ ಮಾವ. ಮುಖದ ನಗು ಆರಿತು. ಕಂಬಳಿಯನ್ನು ಹುಳುಗಳ ಮೇಲೆ ಹೊದಿಸಿ ಬರಿಗಾಲಲ್ಲೇ ಹೊರಗೆ ನಡೆದ.

ದಾರಿಯ ಪಕ್ಕ ಹಿಪ್ಪುನೇರಳೆ ಮರಗಳಿದ್ದವು. ನಮ್ಮಲ್ಲಿ ಸೊಂಟದೆತ್ತರದ ಗಿಡ, ಅಲ್ಲಿ ಹುಣಿಸೇಮರದಷ್ಟು ದೊಡ್ಡವು, ಒಂದೆಲೆಯೂ ಇಲ್ಲದೆ ಹಿಮ ಹೊತ್ತು ನಿಂತಿದ್ದವು. ಮೊಣಕಾಲವರೆಗೆ ಹೂತುಕೊಂಡು ಮಾವ ಒಂದು ಕಡ್ಡಿ ಮುರಿದ, ಉಗುರಿನಿಂದ ಮೊಗ್ಗು ಕೆರೆದ.

"ಮಾವಾ, ಒಳಕ್ ಬಾ! ಸತ್ತೋಗ್ತೀಯ!"

"ಒಳ್ಗಡೆ ಅಸ್ರು ಐತೆ ಕಣ್ಲಾ" ಎಂದ. ಕೆರೆದ ಮೊಗ್ಗನ್ನು ನನ್ನತ್ತ ಹಿಡಿದ. "ವಸಿ ಐತೆ."

ಲಾರಿಯವನು ಹಾರ್ನ್ ಒತ್ತುತ್ತಲೇ ಇದ್ದ. ಆ ಮೊಗ್ಗುಗಳಿಂದ ಹುಳುಗಳ ಒಂದು ಹೊತ್ತೂ ಕಳೆಯುವುದಿಲ್ಲವೆಂದು ನನಗೆ ಗೊತ್ತಿತ್ತು. ಅವನಿಗೂ ಗೊತ್ತಿತ್ತು. ನಾನು ನನ್ನ ಕಂಬಳಿಯನ್ನು ತೆಗೆದುಕೊಂಡು ಹೋಗಿ ಅವನ ಬೆನ್ನಿಗೆ ಹೊದಿಸಿ, ಅವನ ಕೈಗೆ ಎಟುಕದ ಕೊಂಬೆಯನ್ನು ಬಗ್ಗಿಸಿ ಹಿಡಿದೆ.