ಚಾಟ್ನಿ ಇಲ್ಲದೆ ಬಂದ ದ್ರಾಕ್ಷಿ

ಗೆಳೆಯರೇ, ಎರಡು ವರ್ಷದಿಂದ ಮುಚ್ಚಿಟ್ಟ ಸಂಗತಿ: ನಾನು ಪಿಯುಸಿ ಅರ್ಧಕ್ಕೆ ಬಿಟ್ಟಿದ್ದೇನೆ. ಅಥಣಿಯ ಒಂದು ಗೇಮ್ ಅಂಗಡಿಯಲ್ಲಿ ಕೆಲಸಕ್ಕಿದ್ದೇನೆ. ಕಾಲೇಜಿಗೆ ಹೋಗುತ್ತಿದ್ದೇನೆ ಎಂದು ಊರಲ್ಲಿ ಮನೆಯವರು ನಂಬಿದ್ದರು.

ಇಂದು ಮಧ್ಯಾಹ್ನ ದ್ರಾಕ್ಷಿಗೆ ಔಷಧಿ ಒಯ್ಯಲು ಐನಾಪುರದಿಂದ ಬಂದ ಅಪ್ಪ ನನ್ನನ್ನು ಅಂಗಡಿಯೊಳಗೆ ಕಂಡ. ಬಯ್ಯಲಿಲ್ಲ. ಪಕ್ಕದ ಕುರ್ಚಿಯಲ್ಲಿ ಕೂತ.

"ಕಾಲೇಜು?"

"ಬಿಟ್ಟೀನಿ."

"ಇದೇನು?" ನಾನು ಆಡುತ್ತಿದ್ದ ಪರದೆ ತೋರಿಸಿದ.

ಅಣುಯುದ್ಧದಲ್ಲಿ ಲೋಕ ಹಾಳಾದ ಮೇಲೆ ಉಳಿದವರು ಬದುಕುವ ಆಟ, ಅದಕ್ಕೆ ಹೊಸದಾಗಿ ಬಂದ ಹೆಚ್ಚುವರಿ ಭಾಗ ಎಂದೆ.

"ಚೊಲೋ ಐತೇನು?"

ಅಪ್ಪ ನನ್ನ ಅಭಿಪ್ರಾಯ ಕೇಳಿದ್ದು ಇದೇ ಮೊದಲು. ಇದ್ದದ್ದು ಹೇಳಿದೆ. ಹೊಸ ಸೀಮೆ ದೊಡ್ಡದು, ವಿಷದ ಧೂಳು ಎದ್ದರೆ ನಿಜಕ್ಕೂ ಎದೆ ಹೊಡೆದುಕೊಳ್ಳುತ್ತದೆ. ಆದರೆ ಕಥೆ ಬೇಗ ಮುಗಿಯುತ್ತದೆ, ಯಾರ ಪರ ನಿಂತರೂ ಕೊನೆ ಒಂದೇ. ಹತ್ತಕ್ಕೆ ಏಳು.

ಅಷ್ಟರಲ್ಲಿ ಆಟದಲ್ಲಿ ನಾನು ನೆಟ್ಟಿದ್ದ ದ್ರಾಕ್ಷಿ ಬಳ್ಳಿ ಗೊನೆ ಬಿಟ್ಟಿತು. ಅಪ್ಪ ಪರದೆಯ ಹತ್ತಿರ ಬಾಗಿದ.

"ಕತ್ತರಿ ಹಚ್ಚಿಲ್ಲ, ಚಾಟ್ನಿ ಮಾಡಿಲ್ಲ. ಗೊನಿ ಹೆಂಗ ಬಂತಲೇ?" ಗೊನೆ ಬಿಡಲೆಂದು ಬಳ್ಳಿ ಸವರುವುದಕ್ಕೆ ನಮ್ಮ ಕಡೆ ಚಾಟ್ನಿ ಎನ್ನುತ್ತಾರೆ.

"ಕಾಕಾ, ಇದು ಆಟ ಐತ್ರಿ," ಎಂದ ಅಂಗಡಿ ಮಾಲೀಕ.

"ಲೋಕ ಮುಳಗಿದ್ದು ನಂಬತೀನಪಾ. ಇದನ್ನ ಹೆಂಗ ನಂಬಲಿ?"

ಒಂದು ಅಂಕ ಕಳೆದೆ. ಈಗ ಹತ್ತಕ್ಕೆ ಆರು.

ಅಪ್ಪ ಔಷಧಿ ಡಬ್ಬಿ ಎತ್ತಿಕೊಂಡು, "ನಾಡಿದ್ದ ನಮ್ಮ ತೋಟದಾಗ ಚಾಟ್ನಿ ಐತಿ. ಒಂದ ಆಳು ಕಮ್ಮಿ ಬಿದ್ದೈತಿ," ಎಂದಷ್ಟೇ ಹೇಳಿ ಹೋದ.

ನಾಳೆ ಬೆಳಗಿನ ಬಸ್ಸಿಗೆ ನಾನು ಊರಿಗೆ ಹೊರಟಿದ್ದೇನೆ.